ಹೆಜ್ಜೆ ಲೆಕ್ಕ ಯಾರ ಹತ್ರ ಇಡೋದು? ಹೆಲ್ತ್ ಆಪ್‌ಗಳನ್ನ ಸಿಂಕ್ ಮಾಡೋಕೆ ಮುಂಚೆ ಓದ್ಕೊಳ್ಳಿ

ಒಂದೇ ದಿನ, ಒಂದೇ ಜೋಡಿ ಕಾಲು. ಫೋನು 5,940 ಹೆಜ್ಜೆ ಅಂತು, ಕೈಲಿದ್ದ ಬ್ಯಾಂಡು 7,310 ಅಂತು, ಇವೆರಡನ್ನೂ ಒಂದೇ ಕಡೆ ನೋಡೋಣ ಅಂತ ಹಾಕ್ಕೊಂಡಿದ್ದ ಮೂರನೇ ಆಪ್ ಮಾತ್ರ 13,250 ತೋರ್ಸಿ, ಸ್ಕ್ರೀನ್ ತುಂಬಾ ಬಣ್ಣದ ಕಾಗದ ಎರಚಿ ಶಭಾಶ್ ಅಂತು. ಎರಡು ವಾರ ಆ ಶಭಾಶ್‌ಗಿರಿ ನಂಬ್ಕೊಂಡು ಎದೆ ಉಬ್ಬಿಸ್ಕೊಂಡು ಓಡಾಡ್ದೆ. ಆಮೇಲೆ ಒಂದಿನ ಸುಮ್ನೆ ಕೂತು ಕೂಡಿಸಿ ನೋಡಿದ್ರೆ 5,940ಕ್ಕೆ 7,310 ಸೇರ್ಸಿದ್ರೆ ಸರಿಯಾಗಿ 13,250. ಆ ಆಪ್ ಏನೂ ಲೆಕ್ಕ ಹಾಕಿರ್ಲಿಲ್ಲ, ಎರಡು ಚೀಟಿ ಕೂಡಿಸಿ ಕೈಗೆ ಕೊಟ್ಟಿತ್ತು ಅಷ್ಟೇ.

ಅದಕ್ಕೇ ಈ ಬರಹದಲ್ಲಿ ಯಾವ ಆಪ್ ನೋಡೋಕೆ ಚೆಂದ, ಯಾವುದ್ರಲ್ಲಿ ಗ್ರಾಫ್ ಜಾಸ್ತಿ ಅನ್ನೋ ಗೋಜಿಗೆ ಹೋಗಲ್ಲ. ನಿಮ್ಮ ಡೇಟಾ ಯಾವ ಪುಸ್ತಕದಲ್ಲಿ ಬರೆದಿಡ್ಬೇಕು, ಆ ಪುಸ್ತಕದಲ್ಲಿ ಯಾರು ಬರೀಬೋದು, ಯಾರು ಬರೀ ಓದ್ಬೋದು, ಇಷ್ಟು ತೀರ್ಮಾನ ಮಾಡ್ಕೊಂಡ್ರೆ ಮುಕ್ಕಾಲು ತಲೆನೋವು ಹೋಗತ್ತೆ. ಮನೆ ಖರ್ಚಿನ ಪುಸ್ತಕದಲ್ಲಿ ಇಬ್ಬರು ಕೂತು ಒಂದೇ ಹಾಲಿನ ಬಿಲ್ ಎರಡು ಸಲ ಬರೆದ್ರೆ ತಿಂಗಳ ಕೊನೆಗೆ ಏನಾಗತ್ತೋ ಇಲ್ಲೂ ಅದೇ ಆಗೋದು.

ಸಿಂಕ್ ಅಂತ ನಾವು ಒಂದೇ ಪದ ಹೇಳ್ತೀವಿ, ಆದ್ರೆ ಅದ್ರಲ್ಲಿ ಎರಡು ಬೇರೆ ಬೇರೆ ಕೆಲ್ಸ ಇದೆ

ಮೊದಲನೇದು ವಾಚ್ ಅಥವಾ ಬ್ಯಾಂಡ್‌ನಿಂದ ಬ್ಲೂಟೂತ್‌ನಲ್ಲಿ ಆ ಕಂಪನಿಯ ಸ್ವಂತ ಆಪ್‌ಗೆ ಡೇಟಾ ಬರೋದು. ಎರಡನೇದು ಆ ಆಪ್‌ನಿಂದ ಬೇರೆ ಕಡೆಗೆ ಹೋಗೋದು, ಅಂದ್ರೆ ಫೋನ್ ಒಳಗಿನ ಹೆಲ್ತ್ ಸ್ಟೋರ್‌ಗೋ ಅಥವಾ ಇಂಟರ್ನೆಟ್ ಮೂಲಕ ಇನ್ನೊಂದು ಕಂಪನಿ ಸರ್ವರ್‌ಗೋ. ಸಿಂಕ್ ಆಗ್ತಿಲ್ಲ ಅಂತ ಒದ್ದಾಡುವಾಗ ಈ ಎರಡ್ರಲ್ಲಿ ಯಾವುದು ಕೈಕೊಟ್ಟಿದೆ ಅಂತ ಮೊದ್ಲು ನೋಡಿ. ಬ್ಯಾಂಡ್‌ನ ಸ್ವಂತ ಆಪ್‌ನಲ್ಲಿ ಇವತ್ತಿನ ಹೆಜ್ಜೆ ಕಾಣ್ತಿದ್ರೆ ಬ್ಲೂಟೂತ್ ಸರಿಯಾಗಿದೆ, ಬ್ಯಾಂಡ್‌ನ ಅನ್‌ಪೇರ್ ಮಾಡಿ ಮತ್ತೆ ಪೇರ್ ಮಾಡೋ ಸಾಹಸ ಬೇಡ, ತೊಂದ್ರೆ ಮುಂದಿನ ದಾರೀಲಿದೆ. ಈ ಒಂದು ವಿಷ್ಯ ಗೊತ್ತಿಲ್ದೆ ಜನ ಬ್ಯಾಂಡ್ ರೀಸೆಟ್ ಮಾಡಿ, ಇನ್ನೂ ಆಪ್‌ಗೆ ಬಂದಿರದ ನಾಲ್ಕು ದಿನದ ಡೇಟಾ ಕಳ್ಕೊಂಡಿರೋದು ನೋಡಿದೀನಿ.

ಇನ್ನು ಪುಸ್ತಕ ಇಡೋಕೆ ಜಾಗ ಅಂತ ಇರೋದು ಮೂರು ನಾಲ್ಕೇ: ಫೋನ್ ಒಳಗಿನ ಸ್ಟೋರ್ (ಐಫೋನ್‌ನಲ್ಲಿ ಆಪಲ್ ಹೆಲ್ತ್, ಆಂಡ್ರಾಯ್ಡ್‌ನಲ್ಲಿ ಹೆಲ್ತ್ ಕನೆಕ್ಟ್), ವಾಚ್ ಕಂಪನಿಯ ಕ್ಲೌಡ್ (ಅಂದ್ರೆ ಇಂಟರ್ನೆಟ್‌ನಲ್ಲಿರೋ ಅವ್ರ ಸರ್ವರ್), ಇಲ್ಲಾ ಕ್ಲೌಡೇ ಬೇಡ ಅನ್ನೋರ ದಾರಿ. ಓಟ, ಸೈಕಲ್ ಸವಾರಿ ಬರೆದಿಡೋ ಸ್ಟ್ರಾವಾ ತರದ ಆಪ್‌ಗಳನ್ನೂ ಕೆಲವರು ಪುಸ್ತಕ ಅಂದ್ಕೋತಾರೆ, ಅದ್ರ ಬಗ್ಗೆ ಆಮೇಲೆ.

ಆಪಲ್ ಹೆಲ್ತ್

2014ರಲ್ಲಿ ಐಒಎಸ್ 8 ಜೊತೆ ಬಂತು, ಅವತ್ತಿಂದ ಇವತ್ತಿನವರೆಗೆ ಪುಸ್ತಕ ಒಂದೇ, ಹೆಸರೂ ಒಂದೇ, ಈ ವಿಷ್ಯದಲ್ಲಿ ಐಫೋನ್ ಇರೋರು ಪುಣ್ಯವಂತರು. ಡೇಟಾ ಫೋನ್ ಒಳಗೇ ಎನ್‌ಕ್ರಿಪ್ಟ್ ಆಗಿ, ಅಂದ್ರೆ ಬೇರೆಯವ್ರಿಗೆ ಓದೋಕಾಗದ ಗುಪ್ತ ರೂಪದಲ್ಲಿ ಇರತ್ತೆ, ಐಕ್ಲೌಡ್ ಆನ್ ಇದ್ದು ಅಕೌಂಟ್‌ಗೆ ಟೂ ಫ್ಯಾಕ್ಟರ್ (ಪಾಸ್‌ವರ್ಡ್ ಜೊತೆ ಇನ್ನೊಂದು ಕೋಡ್ ಕೇಳೋದು) ಹಾಕಿದ್ರೆ ಅಲ್ಲಿಗೆ ಹೋಗೋದೂ ಎಂಡ್ ಟು ಎಂಡ್ ಎನ್‌ಕ್ರಿಪ್ಟ್ ಆಗಿ ಹೋಗತ್ತೆ, ಅಂದ್ರೆ ಆಪಲ್‌ನೋರೇ ಬಯಸಿದ್ರೂ ಓದಕ್ಕಾಗಲ್ಲ.

ಇದ್ರಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ ಆಗಿದ್ದು ಆದ್ಯತೆ ಪಟ್ಟಿ. ಒಂದೇ ಹೊತ್ತಿಗೆ ಎರಡು ಕಡೆಯಿಂದ ಹೆಜ್ಜೆ ಬಂದ್ರೆ ಆಪಲ್ ಹೆಲ್ತ್ ಎರಡನ್ನೂ ಇಟ್ಕೊಳ್ಳತ್ತೆ, ಆದ್ರೆ ದಿನದ ಮೊತ್ತ ತೋರ್ಸುವಾಗ ಪಟ್ಟೀಲಿ ಮೇಲಿರೋರ ಲೆಕ್ಕ ಮಾತ್ರ ತಗೋಳತ್ತೆ. ಫೋನ್ ಟೇಬಲ್ ಮೇಲಿದ್ದು ನೀವು ಬ್ಯಾಂಡ್ ಕಟ್ಕೊಂಡು ಮಹಡಿ ಹತ್ತಿದ್ರೆ ಆ ಹೊತ್ತಿಗೆ ಬ್ಯಾಂಡ್ ಲೆಕ್ಕ, ಎರಡೂ ಮೈಮೇಲಿದ್ರೆ ಮೇಲಿರೋದ್ರ ಲೆಕ್ಕ. ಎಡವೋದು ಎಲ್ಲಿ ಅಂದ್ರೆ, ಶುರುವಲ್ಲಿ ಕೈಯಿಂದ ಬರೆದಿದ್ದಕ್ಕೆ ಮೊದಲ ಜಾಗ, ಆಮೇಲೆ ಐಫೋನ್ ಮತ್ತೆ ಆಪಲ್ ವಾಚ್, ಬೇರೆ ಕಂಪನಿ ಆಪ್‌ಗಳು ಅದಾದ್ಮೇಲೆ. ಬೇರೆ ಕಂಪನಿ ಬ್ಯಾಂಡ್ ಹಾಕೋರು ಒಂದ್ಸಲ ಹೆಲ್ತ್ ಆಪ್‌ನಲ್ಲಿ ಸ್ಟೆಪ್ಸ್ ತೆಗೆದು, ಕೆಳಗೆ ಡೇಟಾ ಸೋರ್ಸಸ್ ಅಂಡ್ ಆಕ್ಸೆಸ್ ಅಂತಿರತ್ತೆ, ಅಲ್ಲಿ ಎಡಿಟ್ ಒತ್ತಿ ಬ್ಯಾಂಡ್ ಆಪ್‌ನ ಬೆರಳಲ್ಲಿ ಹಿಡಿದು ಮೇಲಕ್ಕೆ ಎಳೆದ್ಬಿಡಿ. ಹೆಜ್ಜೆಗೆ ಮಾಡಿದ್ದು ದೂರಕ್ಕೆ ತಾನಾಗೇ ಆಗಲ್ಲ, ಒಂದೊಂದಕ್ಕೂ ಬೇರೆ ಬೇರೆ ಮಾಡ್ಬೇಕು, ಕಿರಿಕಿರಿನೇ, ಆದ್ರೆ ಒಂದೇ ಸಲದ ಕೆಲ್ಸ.

ಪರ್ಮಿಷನ್ ವಿಷ್ಯದಲ್ಲಿ ಒಂದು ವಿಚಿತ್ರ ಇದೆ. ಓದೋಕೆ ನೀವು ಬೇಡ ಅಂದ್ರೆ, ಬೇಡ ಅಂದಿದೀರಿ ಅನ್ನೋ ಸಂಗತೀನೂ ಆ ಆಪ್‌ಗೆ ಗೊತ್ತಾಗಲ್ಲ, ಡೇಟಾನೇ ಇಲ್ಲ ಅನ್ನೋ ತರ ಕಾಣತ್ತೆ ಅದಕ್ಕೆ. ಪ್ರೈವೆಸಿಗೆ ಒಳ್ಳೇದು, ಯಾಕಂದ್ರೆ ಬೇಡ ಅನ್ನೋದೇ ಕೆಲವು ಸಲ ಒಂದು ಸುಳಿವು. ಆದ್ರೆ ಅದೇ ಕಾರಣಕ್ಕೆ ಹೊಸ ಆಪ್‌ನಲ್ಲಿ ಸೊನ್ನೆ ಸೊನ್ನೆ ಬರ್ತಿದ್ರೆ ಆ ಆಪ್ ನಿಮ್ಗೆ ಪರ್ಮಿಷನ್ ಕೊಟ್ಟಿಲ್ಲ ಅಂತ ಹೇಳಲ್ಲ, ನೀವೇ ಹೋಗಿ ನೋಡ್ಬೇಕು.

ಇನ್ನೊಂದು, ಇದು ನೆನಪಲ್ಲಿರ್ಲಿ: ಐಫೋನ್‌ನ ಕಂಪ್ಯೂಟರ್‌ಗೆ ಬ್ಯಾಕಪ್ ತಗೋಳೋರು ಎನ್‌ಕ್ರಿಪ್ಟೆಡ್ ಬ್ಯಾಕಪ್ ಅನ್ನೋದನ್ನ ಟಿಕ್ ಮಾಡ್ದೇ ಇದ್ರೆ ಹೆಲ್ತ್ ಡೇಟಾ ಆ ಬ್ಯಾಕಪ್‌ನಲ್ಲಿ ಇರೋದೇ ಇಲ್ಲ. ಫೋಟೋ ಬಂತು, ಮೆಸೇಜ್ ಬಂತು, ಆರು ವರ್ಷದ ತೂಕದ ಗ್ರಾಫ್ ಮಾತ್ರ ಖಾಲಿ. ನನ್ನ ತಮ್ಮ ಫೋನ್ ಬದ್ಲಾಯಿಸ್ದಾಗ ಹೀಗೇ ಆಯ್ತು, ಒಂದು ಟಿಕ್ ಮಾರ್ಕ್‌ಗೆ ಎಷ್ಟು ಬೈಕೊಂಡ ಅಂದ್ರೆ.

ಹೆಲ್ತ್ ಕನೆಕ್ಟ್, ಮತ್ತೆ ಗೂಗಲ್ ಫಿಟ್‌ನ ಕಥೆ

ಆಂಡ್ರಾಯ್ಡ್ ಕಡೆ ಪುಸ್ತಕ ಬದಲಾಗಿದೆ, ಗೊಂದಲ ಇರೋದೂ ಇಲ್ಲೇ. ಹಳೇದು ಗೂಗಲ್ ಫಿಟ್, 2014ರದ್ದು, ಗೂಗಲ್ ಅಕೌಂಟ್ ಮೇಲೆ ಕ್ಲೌಡ್‌ನಲ್ಲಿ ಡೇಟಾ ಇಡ್ತಿತ್ತು. ಹೊಸದು ಹೆಲ್ತ್ ಕನೆಕ್ಟ್, 2022ರಲ್ಲಿ ಗೂಗಲ್ ಮತ್ತೆ ಸ್ಯಾಮ್‌ಸಂಗ್ ಸೇರ್ಕೊಂಡು ತಂದಿದ್ದು, ಆಂಡ್ರಾಯ್ಡ್ 14ರಿಂದ ಸೆಟ್ಟಿಂಗ್ಸ್ ಒಳಗೇ ಕೂತಿದೆ, ಹಳೇ ಫೋನ್‌ನಲ್ಲಾದ್ರೆ ಪ್ಲೇ ಸ್ಟೋರ್‌ನಿಂದ ಆಪ್ ಹಾಕ್ಕೋಬೇಕು. ಗೂಗಲ್ ಫಿಟ್ ಜೊತೆ ಬೇರೆ ಆಪ್‌ಗಳು ಮಾತಾಡೋ ದಾರಿ ಇದ್ಯಲ್ಲ, ಅದಕ್ಕೆ 2024ರ ಮೇ 1ರಿಂದ ಹೊಸ ಡೆವಲಪರ್‌ಗಳನ್ನ ಸೇರ್ಸ್ಕೊಳ್ತಿಲ್ಲ, 2026ರಲ್ಲಿ ಅದನ್ನ ಮುಗಿಸ್ತೀವಿ ಅಂತ ಗೂಗಲ್ಲೇ ಹೇಳಿದೆ. ಹಾಗಾಗಿ ಇವತ್ತು ಹೊಸದಾಗಿ ಶುರು ಮಾಡೋರು ಗೂಗಲ್ ಫಿಟ್‌ನ ನಡುವೆ ಇಟ್ಕೊಂಡು ಏನನ್ನೂ ಜೋಡಿಸ್ಬೇಡಿ. ಯಾವ್ದೋ ಹಳೇ ಗೈಡ್‌ನಲ್ಲಿ ಮೊದ್ಲು ಗೂಗಲ್ ಫಿಟ್ ಕನೆಕ್ಟ್ ಮಾಡಿ ಅಂತಿದ್ರೆ ಅಲ್ಲೇ ಮುಚ್ಚಿ.

ಹೆಲ್ತ್ ಕನೆಕ್ಟ್ ತೆರೆದ ತಕ್ಷಣ ಬಹಳ ಜನಕ್ಕೆ ನಿರಾಸೆ ಆಗತ್ತೆ, ಯಾಕಂದ್ರೆ ಅದ್ರಲ್ಲಿ ಚೆಂದದ ಗ್ರಾಫ್ ಇಲ್ಲ, ಉಂಗುರ ಇಲ್ಲ, ಬರೀ ಯಾವ ಆಪ್‌ಗೆ ಏನು ಪರ್ಮಿಷನ್ ಅನ್ನೋ ಪಟ್ಟಿ. ಅದು ಬೀರು, ನೋಡೋಕೆ ಬೇರೆ ಆಪ್ ಬೇಕು. ಡೇಟಾ ಫೋನ್ ಒಳಗೇ ಇರತ್ತೆ, ಅದು ಒಳ್ಳೇದು, ಆದ್ರೆ ಗೂಗಲ್ ಫಿಟ್ ತರ ಅಕೌಂಟ್‌ಗೆ ಲಾಗಿನ್ ಆದ್ರೆ ಎಲ್ಲಾ ವಾಪಸ್ ಬಂದ್ಬಿಡತ್ತೆ ಅಂದ್ಕೋಬೇಡಿ.

ಇಲ್ಲಿ 30 ದಿನದ ರೂಲ್ ಒಂದಿದೆ, ಇದನ್ನ ಯಾರೂ ಮೊದ್ಲೇ ಹೇಳಲ್ಲ. ಒಂದು ಆಪ್‌ಗೆ ನೀವು ಇವತ್ತು ಓದೋ ಪರ್ಮಿಷನ್ ಕೊಟ್ರೆ, ಬೇರೆ ಆಪ್‌ಗಳು ಬರೆದಿದ್ರಲ್ಲಿ ಇವತ್ತಿಗಿಂತ 30 ದಿನ ಹಿಂದಿನವರೆಗೆ ಮಾತ್ರ ಅದಕ್ಕೆ ಕಾಣತ್ತೆ. ಅದಕ್ಕಿಂತ ಹಳೇದು ಬೇಕಂದ್ರೆ ಆ ಆಪ್ ಬೇರೆಯಾಗಿ ಕೇಳ್ಬೇಕು, ಎಲ್ಲಾ ಆಪ್ ಕೇಳಲ್ಲ. ಇನ್ನೂ ಮಜಾ ಏನಂದ್ರೆ, ಏನೋ ಸರಿಯಾಗ್ತಿಲ್ಲ ಅಂತ ಆಪ್ ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿದ್ರೆ ಆ 30 ದಿನ ಮತ್ತೆ ಹೊಸದಾಗಿ ಆ ದಿನದಿಂದ ಹಿಂದಕ್ಕೆ ಎಣಿಕೆ ಶುರು. ಸರಿ ಮಾಡೋಕೆ ಹೋಗಿ ಹಳೇ ಡೇಟಾ ಮಾಯ ಮಾಡ್ಕೊಂಡೆ ಅಂತ ಅನ್ಸೋದು ಹೀಗೇನೆ, ಡೇಟಾ ಬೀರಲ್ಲೇ ಇರತ್ತೆ, ಆ ಆಪ್‌ಗೆ ಬಾಗಿಲು ಅಷ್ಟೇ ತೆರೆದಿರೋದು.

ಆದ್ಯತೆ ಪಟ್ಟಿ ಇಲ್ಲೂ ಇದೆ, ಡೇಟಾ ಸೋರ್ಸಸ್ ಅಂಡ್ ಪ್ರಯಾರಿಟಿ ಅಂತ, ಆದ್ರೆ ಚಟುವಟಿಕೆ ಮತ್ತೆ ನಿದ್ದೆ ಈ ಎರಡಕ್ಕೆ. ಇದು ಕೆಲ್ಸ ಮಾಡೋದು ಮೊತ್ತ ಕೇಳಿದಾಗ. ಒಂದು ಆಪ್ ಮೊತ್ತ ಕೇಳೋ ಬದ್ಲು ಸಾಲು ಸಾಲಾಗಿ ಎಲ್ಲಾ ಎಂಟ್ರಿ ಓದ್ಕೊಂಡು ತಾನೇ ಕೂಡಿದ್ರೆ ಪಟ್ಟಿ ಏನೂ ಮಾಡಕ್ಕಾಗಲ್ಲ, ನನ್ನ 13,250 ಬಂದಿದ್ದು ಬಹುಶಃ ಹಾಗೇ. ಅದಕ್ಕೆ ಆಂಡ್ರಾಯ್ಡ್‌ನಲ್ಲಿ ನನ್ನ ಸಲಹೆ ಏನಂದ್ರೆ ಪಟ್ಟೀನ ನಂಬ್ಕೋಬೇಡಿ, ಹೆಜ್ಜೆ ಬರೆಯೋ ಪರ್ಮಿಷನ್ ಒಂದೇ ಒಂದು ಆಪ್‌ಗೆ ಕೊಡಿ, ಮಿಕ್ಕವ್ರದ್ದೆಲ್ಲಾ ಆಫ್.

ಸ್ಯಾಮ್‌ಸಂಗ್ ಹೆಲ್ತ್ ಬಗ್ಗೆ ಎರಡೇ ಮಾತು. ಸ್ಯಾಮ್‌ಸಂಗ್ ವಾಚ್ ಇದ್ರೆ ಅದು ಬೇಕೇ ಬೇಕು, ಅದ್ರ ಸೆಟ್ಟಿಂಗ್ಸ್‌ನಲ್ಲಿ ಹೆಲ್ತ್ ಕನೆಕ್ಟ್ ಆನ್ ಮಾಡಿದ್ರೆ ಹೊರಗಿನ ಆಪ್‌ಗಳಿಗೂ ಡೇಟಾ ಸಿಗತ್ತೆ. ವಾಚ್ ಇಲ್ದಿದ್ರೆ ಅದನ್ನ ಹಾಕ್ಕೊಳ್ಳೋಕೆ ನನಗೇನೂ ದೊಡ್ಡ ಕಾರಣ ಕಾಣಲ್ಲ.

ವಾಚ್ ಕಂಪನಿಯ ಕ್ಲೌಡ್‌ನಲ್ಲೇ ಇರ್ಲಿ ಬಿಡಿ ಅನ್ನೋರಿಗೆ

ಗಾರ್ಮಿನ್ ಕನೆಕ್ಟ್, ಫಿಟ್‌ಬಿಟ್ ಇವೆಲ್ಲಾ ಈ ಗುಂಪು. ಇದ್ರ ದೊಡ್ಡ ಲಾಭ ಏನು ಅಂದ್ರೆ ಫೋನ್ ಯಾವ್ದಾದ್ರೂ ಆಗ್ಲಿ, ಆಂಡ್ರಾಯ್ಡ್‌ನಿಂದ ಐಫೋನ್‌ಗೆ ಹೋದ್ರೂ ಲಾಗಿನ್ ಆದ್ರೆ ಹಳೇದೆಲ್ಲಾ ಹಾಗೇ ಇರತ್ತೆ. ಆಪಲ್ ಹೆಲ್ತ್‌ನಿಂದ ಹೆಲ್ತ್ ಕನೆಕ್ಟ್‌ಗೆ ಹೀಗೆ ಸಲೀಸಾಗಿ ಹೋಗೋಕಾಗಲ್ಲ, ಆ ಎರಡರ ಮಧ್ಯೆ ಗೋಡೆ ಇದೆ. ಎರಡು ಮೂರು ವರ್ಷಕ್ಕೊಮ್ಮೆ ಫೋನ್ ಜಾತಿ ಬದ್ಲಾಯಿಸೋ ಅಭ್ಯಾಸ ಇರೋರಿಗೆ ಕಂಪನಿ ಕ್ಲೌಡೇ ಸರಿ. ವಾಚ್ ತಗೋಳುವಾಗ್ಲೇ ಇದನ್ನ ಯೋಚ್ನೆ ಮಾಡಿ: ಆಪಲ್ ವಾಚ್ ಆಂಡ್ರಾಯ್ಡ್ ಜೊತೆ ಕೆಲ್ಸ ಮಾಡಲ್ಲ, ಗ್ಯಾಲಕ್ಸಿ ವಾಚ್ 4 ಮತ್ತೆ ಅದಾದ್ಮೇಲಿನವು ಐಫೋನ್ ಜೊತೆ ಕೆಲ್ಸ ಮಾಡಲ್ಲ. ಗಾರ್ಮಿನ್, ಫಿಟ್‌ಬಿಟ್ ಎರಡೂ ಕಡೆ ನಡೀತಾವೆ.

ನಷ್ಟದ ಬಾಬತ್ತೂ ಇದೆ. 2020ರ ಜುಲೈನಲ್ಲಿ ಗಾರ್ಮಿನ್ ಮೇಲೆ ರಾನ್ಸಮ್‌ವೇರ್ ದಾಳಿ (ಕಂಪ್ಯೂಟರ್‌ಗಳಿಗೆ ಬೀಗ ಜಡಿದು ದುಡ್ಡು ಕೇಳೋದು) ಆಗಿ ಗಾರ್ಮಿನ್ ಕನೆಕ್ಟ್ ಹಲವು ದಿನ ಮಲಗ್ಬಿಟ್ಟಿತ್ತು, ಜನ ಓಡಿದ್ದು ವಾಚ್‌ನಲ್ಲೇ ಉಳ್ಕೊಂಡಿತ್ತು, ಕೊನೆಗೆ ಕೇಬಲ್ ಹಾಕಿ ವಾಚ್‌ನಿಂದ ಫೈಲ್ ಎಳ್ಕೊಂಡು ಬೇರೆ ಕಡೆ ಅಪ್‌ಲೋಡ್ ಮಾಡ್ಕೊಂಡೋರೂ ಇದಾರೆ. ಎಂಡೊಮೊಂಡೊ ಅಂತ ಒಂದು ಹೆಸರುವಾಸಿ ಆಪ್ ಇತ್ತು, 2020ರ ಡಿಸೆಂಬರ್ 31ಕ್ಕೆ ಅಂಗಡಿ ಮುಚ್ಚಿತು. ಮೈಕ್ರೋಸಾಫ್ಟ್ ಬ್ಯಾಂಡ್‌ನ ಹೆಲ್ತ್ ಡ್ಯಾಶ್‌ಬೋರ್ಡ್ 2019ರ ಮೇ ಕೊನೆಗೆ ಮುಚ್ಚಿತು. ಫಿಟ್‌ಬಿಟ್ 2021ರ ಜನವರಿಯಲ್ಲಿ ಗೂಗಲ್ ಕೈಗೆ ಹೋಯ್ತು, ಆಮೇಲೆ ಹಳೇ ಫಿಟ್‌ಬಿಟ್ ಅಕೌಂಟ್ ಇದ್ದೋರೆಲ್ಲಾ ಗೂಗಲ್ ಅಕೌಂಟ್‌ಗೆ ಬನ್ನಿ ಅಂತಾಯ್ತು. ಬೇರೆಯವ್ರ ಮನೇಲಿ ಪುಸ್ತಕ ಇಟ್ಟಾಗ ಮನೆ ಯಜಮಾನ ಬದ್ಲಾಗ್ಬೋದು, ಮನೇನೇ ಮಾರಾಟ ಆಗ್ಬೋದು, ಅದಕ್ಕೆ ಈ ದಾರಿ ಹಿಡಿಯೋರು ವರ್ಷಕ್ಕೆ ಒಂದೆರಡು ಸಲ ಎಕ್ಸ್‌ಪೋರ್ಟ್ ತಗೊಂಡು ಇಟ್ಕೊಳ್ಳಿ. ಗೂಗಲ್ ಕಡೇದಕ್ಕೆ ಟೇಕ್‌ಔಟ್ ಅನ್ನೋ ಡೌನ್‌ಲೋಡ್ ಸೌಲಭ್ಯ, ಸ್ಯಾಮ್‌ಸಂಗ್ ಹೆಲ್ತ್‌ನಲ್ಲಿ ಪರ್ಸನಲ್ ಡೇಟಾ ಡೌನ್‌ಲೋಡ್ ಅಂತಿದೆ, ಆಪಲ್ ಹೆಲ್ತ್‌ನಲ್ಲಿ ಪ್ರೊಫೈಲ್ ಚಿತ್ರ ಒತ್ತಿದ್ರೆ ಕೆಳಗೆ ಎಕ್ಸ್‌ಪೋರ್ಟ್ ಇರತ್ತೆ (ಅದು ಕೊಡೋ ಎಕ್ಸ್‌ಎಂಎಲ್ ಫೈಲ್ ಎಷ್ಟು ದಪ್ಪ ಇರತ್ತೆ ಅಂದ್ರೆ ತೆರೆಯೋಕೆ ಹೋದ್ರೆ ಕಂಪ್ಯೂಟರ್ ಏದುಸಿರು ಬಿಡತ್ತೆ, ತೆರೀಬೇಡಿ, ಇಟ್ಕೊಳ್ಳಿ ಸಾಕು).

ಕ್ಲೌಡ್ ಕೆಟ್ಟಿದ್ರೂ ವಾಚ್ ಒಳಗೆ ಡೇಟಾ ಇರತ್ತಲ್ಲ ಅನ್ನಬೋದು. ಇರತ್ತೆ, ಆದ್ರೆ ಎಷ್ಟು ದಿನ? ಫಿಟ್‌ಬಿಟ್‌ನ ಹೆಚ್ಚಿನ ಮಾಡೆಲ್‌ಗಳಲ್ಲಿ ನಿಮಿಷ ನಿಮಿಷದ ವಿವರ 7 ದಿನ ಇರತ್ತೆ, ದಿನದ ಮೊತ್ತ 30 ದಿನ. ಪ್ರವಾಸ ಹೋಗಿ ಹತ್ತು ದಿನ ಆಪ್ ತೆರೀದೆ ಇದ್ರೆ ಮೊದಲ ಮೂರು ದಿನದ ನಿದ್ದೆ ವಿವರ ಸಿಗದೇ ಹೋಗ್ಬೋದು.

ಸ್ಟ್ರಾವಾ, ಮೈಫಿಟ್ನೆಸ್‌ಪಾಲ್ ಇತ್ಯಾದಿ

ಇವು ಪುಸ್ತಕ ಅಲ್ಲ, ಓದುಗರು. ಸ್ಟ್ರಾವಾಗೆ ಓಟ, ಸೈಕಲ್, ಈಜು ಬೇಕು, ನಿಮ್ಮ ದಿನದ ಹೆಜ್ಜೆ ಮೇಲೆ ಅದಕ್ಕೆ ಆಸಕ್ತಿ ಇಲ್ಲ. ಮೈಫಿಟ್ನೆಸ್‌ಪಾಲ್‌ಗೆ ಊಟ ಮತ್ತೆ ಕ್ಯಾಲೊರಿ. ಇವನ್ನ ಕೊನೇ ನಿಲ್ದಾಣ ಮಾಡಿ, ಅಲ್ಲಿಂದ ಮತ್ತೆ ಬೇರೆ ಕಡೆಗೆ ಬಸ್ ಹತ್ತಿಸ್ಬೇಡಿ. ಯಾಕಂದ್ರೆ ಎಲ್ಲರೂ ಮಾಡೋ ತಪ್ಪು ಇದೇ: ಗಾರ್ಮಿನ್‌ನಿಂದ ಆಪಲ್ ಹೆಲ್ತ್‌ಗೆ ಆನ್, ಗಾರ್ಮಿನ್‌ನಿಂದ ಸ್ಟ್ರಾವಾಗೆ ಆನ್, ಸ್ಟ್ರಾವಾದಿಂದ ಆಪಲ್ ಹೆಲ್ತ್‌ಗೂ ಆನ್. ಬೆಳಿಗ್ಗೆ ಓಡಿದ್ದು 5 ಕಿಲೋಮೀಟರ್, ಆಪಲ್ ಹೆಲ್ತ್‌ನಲ್ಲಿ ಅದೇ ಓಟ ಎರಡು ಸಲ, ಒಂದು ಗಾರ್ಮಿನ್ ಹೆಸರಲ್ಲಿ ಒಂದು ಸ್ಟ್ರಾವಾ ಹೆಸರಲ್ಲಿ. ಒಂದು ದಾರಿ ಮುಚ್ಚಿದ್ರೆ ಮುಗೀತು. ನನ್ನ ಪ್ರಕಾರ ಮುಚ್ಚಬೇಕಾದ್ದು ಸ್ಟ್ರಾವಾದಿಂದ ವಾಪಸ್ ಬರೋದು, ವಾಚ್‌ಗೆ ಹತ್ರ ಇರೋ ದಾರಿ ಇಟ್ಕೊಳ್ಳಿ, ದೂರದ್ದು ಕಟ್ ಮಾಡಿ.

ಸ್ಟ್ರಾವಾನೇ ಮಧ್ಯವರ್ತಿ ಮಾಡ್ಕೊಂಡು ಬೇರೆ ಆಪ್‌ಗೆ ಡೇಟಾ ಕಳಿಸ್ತಿದ್ದೋರಿಗೆ ಇನ್ನೊಂದು ಕಾರಣ: 2024ರ ನವೆಂಬರ್‌ನಲ್ಲಿ ಸ್ಟ್ರಾವಾ ರೂಲ್ ಬಿಗಿ ಮಾಡ್ತು, ಹೊರಗಿನ ಆಪ್‌ಗಳು ನಿಮ್ಮ ಡೇಟಾನ ನಿಮಗೆ ಮಾತ್ರ ತೋರ್ಸ್ಬೋದು, ಬೇರೆಯವ್ರಿಗೆ ತೋರ್ಸೋ ಹಾಗಿಲ್ಲ. ಕೋಚ್‌ಗೆ ನಿಮ್ಮ ಓಟ ಕಾಣ್ಬೇಕು ಅಂತಿದ್ರೆ ವಾಚ್ ಕಂಪನಿ ಕ್ಲೌಡ್‌ನಿಂದ ಕೋಚ್ ಬಳಸೋ ಆಪ್‌ಗೆ ನೇರ ಜೋಡಿಸೋದು ಕ್ಷೇಮ.

ಅಂದಹಾಗೆ ಸ್ಟ್ರಾವಾ ಹಾಕಿದ ದಿನವೇ ಪ್ರೈವೆಸಿ ಸೆಟ್ಟಿಂಗ್ಸ್‌ಗೆ ಹೋಗಿ ಮನೆ ಸುತ್ತಮುತ್ತ ಮ್ಯಾಪ್ ಮರೆಮಾಡಿ. 2018ರ ಜನವರಿಯಲ್ಲಿ ಸ್ಟ್ರಾವಾದ ಹೀಟ್‌ಮ್ಯಾಪ್ (ಜನ ಎಲ್ಲೆಲ್ಲಿ ಜಾಸ್ತಿ ಓಡ್ತಾರೆ ಅಂತ ತೋರ್ಸೋ ನಕ್ಷೆ) ನೋಡಿ ಸೈನಿಕ ನೆಲೆಗಳು ಎಲ್ಲೆಲ್ಲಿದಾವೆ ಅಂತ ಜನ ಗುರುತು ಹಿಡಿದಿದ್ರು, ಯಾರೂ ಬೇಕಂತ ಹೇಳಿದ್ದಲ್ಲ, ಸೈನಿಕರು ಬೆಳಿಗ್ಗೆ ಓಡಿದ್ರು ಅಷ್ಟೇ. ಅಲ್ಲೇ ಹಾಗಾದ್ರೆ ದಿನಾ ಒಂದೇ ಗೇಟಿಂದ ಹೊರಡೋ ನಮ್ಮ ಮನೆ ಗುರುತು ಸಿಗೋಕೆ ಎಷ್ಟೊತ್ತು.

ಸೇತುವೆ ಆಪ್‌ಗಳು

ಎರಡು ಆಪ್ ಒಬ್ಬರಿಗೊಬ್ಬರು ಮಾತಾಡಲ್ಲ ಅಂದಾಗ ಮಧ್ಯೆ ಬರೋವು. ಆಂಡ್ರಾಯ್ಡ್‌ನಲ್ಲಿ ಹೆಲ್ತ್ ಸಿಂಕ್, ಐಫೋನ್‌ನಲ್ಲಿ ರನ್‌ಗ್ಯಾಪ್ ಮತ್ತೆ ಹೆಲ್ತ್‌ಫಿಟ್ ಹೆಸರು ಮಾಡಿದಾವೆ. ಹೆಲ್ತ್‌ಫಿಟ್ ಆಪಲ್ ವಾಚ್‌ನ ವರ್ಕೌಟ್‌ಗಳನ್ನ ಫಿಟ್ ಅನ್ನೋ ಬಗೆಯ ಫೈಲ್ ಮಾಡಿ ಸ್ಟ್ರಾವಾ ಮುಂತಾದ ಕಡೆ ಕಳಿಸತ್ತೆ, ರನ್‌ಗ್ಯಾಪ್ ಬೇರೆ ಬೇರೆ ಸರ್ವೀಸ್‌ಗಳಿಂದ ಹಳೇ ಓಟ ಎಲ್ಲಾ ಒಂದು ಕಡೆ ತರೋಕೆ ಚೆನ್ನಾಗಿದೆ. ಫಿಟ್‌ಬಿಟ್ ಮತ್ತೆ ಐಫೋನ್ ಇರೋರು ಈ ಸೇತುವೆಗಳನ್ನ ಹುಡುಕ್ತಾ ಬಂದಿದ್ದೇ ಜಾಸ್ತಿ, ಯಾಕಂದ್ರೆ ಫಿಟ್‌ಬಿಟ್ ವರ್ಷಗಟ್ಟಲೆ ಆಪಲ್ ಹೆಲ್ತ್‌ಗೆ ನೇರವಾಗಿ ಬರೀಲೇ ಇಲ್ಲ.

ಸೇತುವೆ ಹಾಕ್ಕೊಳ್ಳೋಕೆ ಮುಂಚೆ ಮೂರ್ನಾಲ್ಕು ದಿನ ಆಪ್ ಕಂಪನಿಗಳ ಸ್ವಂತ ಸೆಟ್ಟಿಂಗ್ಸ್‌ನಲ್ಲಿ ಕನೆಕ್ಟೆಡ್ ಆಪ್ಸ್ ಅನ್ನೋ ಜಾಗ ಹುಡುಕಿ, ನೇರ ದಾರಿ ಇದ್ರೆ ಅದೇ ಒಳ್ಳೇದು. ಸೇತುವೆ ಅಂದ್ರೆ ಇನ್ನೊಬ್ಬರ ಕೈಗೆ ನಿಮ್ಮ ಎರಡೂ ಅಕೌಂಟ್‌ನ ಕೀಲಿ. ಅದನ್ನ ಕೊಡೋದೇ ಆದ್ರೆ, ಆ ಕಂಪನಿಯ ಲಾಗಿನ್ ಪೇಜ್ ತೆರೆದು ಪರ್ಮಿಷನ್ ಕೇಳೋ ಸೇತುವೆಗೆ ಕೊಡಿ. ತನ್ನದೇ ಸ್ಕ್ರೀನ್‌ನಲ್ಲಿ ನಿಮ್ಮ ಪಾಸ್‌ವರ್ಡ್ ಟೈಪ್ ಮಾಡಿ ಅನ್ನೋದನ್ನ ಮುಟ್ಟಲೇಬೇಡಿ. ಇನ್ನೊಂದು, ಸೇತುವೆ ಆಪ್‌ಗಳಲ್ಲಿ ಎರಡೂ ದಿಕ್ಕಿಗೂ ಸಿಂಕ್ ಅನ್ನೋ ಆಯ್ಕೆ ಕಂಡ್ರೆ ಕೈ ಹಿಂದೆ ತಗೊಳ್ಳಿ, ಒಂದೇ ದಿಕ್ಕು ಸಾಕು. ನಾನು ಎರಡು ದಿಕ್ಕು ಆನ್ ಮಾಡಿ ಒಂದು ಸಂಜೆ ನಡಿಗೆ ನಾಲ್ಕು ಸಲ ಬಂದಿದ್ದು ನೋಡಿ, ಅಳಿಸಿದ್ರೆ ಅತ್ತಕಡೆಯಿಂದ ಮತ್ತೆ ಬರೋದು, ಮತ್ತೆ ಅಳಿಸೋದು, ಕೊನೆಗೆ ಸೇತುವೇನೇ ಕಿತ್ತು ಹಾಕ್ದೆ.

ಕ್ಲೌಡೇ ಬೇಡ ಅನ್ನೋರಿಗೆ ಆಂಡ್ರಾಯ್ಡ್‌ನಲ್ಲಿ ಗ್ಯಾಜೆಟ್‌ಬ್ರಿಡ್ಜ್ ಅಂತ ಓಪನ್ ಸೋರ್ಸ್ (ಒಳಗಿನ ಕೋಡ್ ಯಾರು ಬೇಕಾದ್ರೂ ನೋಡ್ಬೋದಾದ) ಆಪ್ ಇದೆ. ಎಷ್ಟೋ ಕಂಪನಿಯ ಬ್ಯಾಂಡ್, ವಾಚ್‌ಗಳ ಜೊತೆ ನೇರ ಮಾತಾಡತ್ತೆ, ಕಂಪನಿ ಆಪ್ ಬೇಡ, ಅಕೌಂಟ್ ಬೇಡ. ಕೆಲವು ಬ್ಯಾಂಡ್‌ಗೆ ಶುರುವಲ್ಲಿ ಒಂದು ಕೀ ತೆಗೆಯೋಕೆ ಕಂಪನಿ ಆಪ್‌ಗೆ ಒಂದ್ಸಲ ಹೋಗಿ ಬರ್ಬೇಕು, ಅದು ಸ್ವಲ್ಪ ಗೋಳು. ತಂತ್ರಜ್ಞಾನ ಗೊತ್ತಿರೋರಿಗೆ ಸ್ವರ್ಗ, ಅಮ್ಮನ ಫೋನ್‌ಗೆ ಹಾಕಿಕೊಡೋ ಆಪ್ ಅಲ್ಲ.

ಹೆಜ್ಜೆ ಸರಿ ಹೋದ್ರೂ ಸರಿ ಹೋಗದೇ ಉಳಿಯೋವು

ಕ್ಯಾಲೊರಿ ಅದ್ರಲ್ಲಿ ಮೊದಲನೇದು. ಸುಮ್ನೆ ಕೂತಿದ್ರೂ ದೇಹ ಖರ್ಚು ಮಾಡೋದು ಒಂದು, ಓಡಾಡಿದ್ದಕ್ಕೆ ಖರ್ಚಾಗೋದು ಇನ್ನೊಂದು. ಆಪಲ್ ಹೆಲ್ತ್ ಇವೆರಡನ್ನ ಆಕ್ಟಿವ್ ಮತ್ತೆ ರೆಸ್ಟಿಂಗ್ ಅಂತ ಬೇರೆ ಬೇರೆ ಇಡತ್ತೆ, ಹೆಲ್ತ್ ಕನೆಕ್ಟ್‌ನಲ್ಲಿ ಆಕ್ಟಿವ್ ಒಂದು, ಟೋಟಲ್ ಒಂದು. ಒಂದು ಆಪ್ ಟೋಟಲ್ ಕಳಿಸಿ ಇನ್ನೊಂದು ಅದನ್ನ ಆಕ್ಟಿವ್ ಅಂದ್ಕೊಂಡ್ರೆ ನೀವು ಸೋಫಾ ಮೇಲೆ ಮಲಗಿದ್ದೇ ಮ್ಯಾರಥಾನ್ ಆಗತ್ತೆ. ಮೈಫಿಟ್ನೆಸ್‌ಪಾಲ್‌ನಲ್ಲಿ ಕೆಲವು ಸಲ ಕ್ಯಾಲೊರಿ ಮೈನಸ್ ಆಗಿ ಬರತ್ತಲ್ಲ, ಅದು ತಪ್ಪಲ್ಲ, ನಿಮ್ಮ ದಿನದ ಖರ್ಚು ಇಷ್ಟಿರ್ಬೋದು ಅಂತ ಅದು ಮೊದ್ಲೇ ಅಂದಾಜು ಮಾಡಿರತ್ತೆ, ವಾಚ್ ಹೇಳಿದ್ದು ಅದಕ್ಕಿಂತ ಕಮ್ಮಿ ಇದ್ರೆ ಕಳೀತದೆ. ಕ್ಯಾಲೊರಿ ನೋಡಿ ಊಟ ಮಾಡೋರು ಮಾತ್ರ ಇದನ್ನ ಗಮನ ಇಟ್ಟು ಸರಿ ಮಾಡ್ಕೋಬೇಕು, ಒಂದೇ ಆಪ್‌ಗೆ ಕ್ಯಾಲೊರಿ ಬರೆಯೋ ಹಕ್ಕು ಕೊಡಿ. ಮಿಕ್ಕವ್ರು ಆ ಅಂಕಿನ ನೋಡ್ದೇ ಇದ್ರೂ ನಡಿಯತ್ತೆ.

ಎರಡನೇದು ಎಚ್‌ಆರ್‌ವಿ. ಹೃದಯದ ಬಡಿತಗಳ ನಡುವಿನ ಅಂತರ ಎಷ್ಟು ಏರುಪೇರಾಗತ್ತೆ ಅನ್ನೋ ಅಳತೆ. ಆಪಲ್ ಹೆಲ್ತ್ ಇದನ್ನ ಎಸ್‌ಡಿಎನ್‌ಎನ್ ಅನ್ನೋ ಸೂತ್ರದಲ್ಲಿ ಇಡತ್ತೆ, ಹೆಲ್ತ್ ಕನೆಕ್ಟ್ ಆರ್‌ಎಂಎಸ್‌ಎಸ್‌ಡಿ ಅನ್ನೋ ಸೂತ್ರದಲ್ಲಿ. ಎರಡೂ ಮಿಲಿಸೆಕೆಂಡ್‌ನಲ್ಲೇ ಬರತ್ತೆ, ಆದ್ರೆ ಅಳತೆಗೋಲು ಬೇರೆ. ಫೋನ್ ಬದಲಾಯಿಸಿದ ವಾರ ನಿಮ್ಮ ಎಚ್‌ಆರ್‌ವಿ ಧುತ್ತಂತ ಮೇಲೋ ಕೆಳಗೋ ಹೋದ್ರೆ ಹೆದ್ರ್ಕೋಬೇಡಿ, ನಿಮ್ಗೇನೂ ಆಗಿಲ್ಲ, ಸೂತ್ರ ಬದ್ಲಾಗಿದೆ. ಹಳೇ ಅಂಕಿ ಪಕ್ಕ ಹೊಸ ಅಂಕಿ ಇಟ್ಟು ನೋಡೋದೇ ತಪ್ಪು.

ನಿದ್ದೆ? ಎರಡು ಸಾಧನ ಒಂದೇ ರಾತ್ರಿಗೆ ಒಂದೇ ಉತ್ತರ ಕೊಟ್ಟಿದ್ದು ನಾನಂತೂ ಕಂಡಿಲ್ಲ. ಒಂದನ್ನ ನಂಬಿ, ಮತ್ತೊಂದ್ರಲ್ಲಿ ಆಫ್ ಮಾಡಿ. ತೂಕಕ್ಕೆ ಸ್ಮಾರ್ಟ್ ಸ್ಕೇಲ್ ಆಪ್ ಬರೆಯೋದು, ಮಿಕ್ಕವು ಓದೋದು, ಇದ್ರಲ್ಲಿ ಜಗಳ ಕಮ್ಮಿ.

ನಿನ್ನೆವರೆಗೆ ಬರ್ತಿತ್ತು, ಇವತ್ತು ನಿಂತೋಯ್ತು ಅನ್ನೋರಿಗೆ

ಆಂಡ್ರಾಯ್ಡ್‌ನಲ್ಲಿ ಹತ್ತಕ್ಕೆ ಎಂಟು ಸಲ ಬ್ಯಾಟರಿ ಉಳಿಸೋ ಸೆಟ್ಟಿಂಗೇ ಕಳ್ಳ. ಬ್ಯಾಂಡ್ ಆಪ್‌ನ ಬ್ಯಾಟರಿ ಸೆಟ್ಟಿಂಗ್ಸ್‌ನಲ್ಲಿ ಅನ್‌ರಿಸ್ಟ್ರಿಕ್ಟೆಡ್ ಮಾಡಿ, ಕೆಲವು ಕಂಪನಿ ಫೋನ್‌ಗಳಲ್ಲಿ ಆಟೋ ಸ್ಟಾರ್ಟ್ ಅಂತ ಬೇರೆ ಒಂದು ಸ್ವಿಚ್ ಇರತ್ತೆ, ಅದನ್ನೂ ಆನ್ ಮಾಡಿ. ಆಂಡ್ರಾಯ್ಡ್ 11 ಮತ್ತೆ ಹಳೇದ್ರಲ್ಲಿ ಬ್ಲೂಟೂತ್ ಸಾಧನ ಹುಡುಕೋಕೆ ಲೊಕೇಶನ್ ಪರ್ಮಿಷನ್ ಬೇಕಿತ್ತು, ಹೆಜ್ಜೆ ಎಣಿಸೋಕೆ ಲೊಕೇಶನ್ ಯಾಕೆ ಅಂತ ಅನುಮಾನ ಪಟ್ಟು ಬೇಡ ಅಂದೋರ ಬ್ಯಾಂಡ್ ಸಿಂಕ್ ಆಗ್ತಿರ್ಲಿಲ್ಲ. 12ರಿಂದ ಅದಕ್ಕೆ ನಿಯರ್‌ಬೈ ಡಿವೈಸಸ್ ಅಂತ ಬೇರೆ ಪರ್ಮಿಷನ್ ಬಂತು, ಫೋನ್ ಅಪ್‌ಡೇಟ್ ಆದ್ಮೇಲೆ ಸಿಂಕ್ ನಿಂತಿದ್ರೆ ಅಲ್ಲೊಂದ್ಸಲ ನೋಡಿ.

ಐಫೋನ್‌ನಲ್ಲಿ ಕಾರಣ ಬೇರೆ. ಫೋನ್ ಲಾಕ್ ಆಗಿದ್ದಾಗ ಹೆಲ್ತ್ ಡೇಟಾ ಬೀಗ ಹಾಕ್ಕೊಂಡಿರತ್ತೆ, ಬೇರೆ ಆಪ್‌ಗೆ ಓದೋಕಾಗಲ್ಲ, ಹಾಗಾಗಿ ಫೋನ್ ಜೇಬಲ್ಲೇ ಇದ್ರೆ ಅನ್‌ಲಾಕ್ ಮಾಡೋವರೆಗೂ ಅಂಕಿ ಹಳೇದೇ ಇರತ್ತೆ, ಅದು ಕೆಟ್ಟಿರೋದಲ್ಲ. ಇನ್ನು ತೆರೆದ ಆಪ್‌ಗಳನ್ನೆಲ್ಲಾ ಮೇಲಕ್ಕೆ ಸರಿಸಿ ಸರಿಸಿ ಮುಚ್ಚೋ ಚಟ ಇದ್ಯಲ್ಲ, ಹಾಗೆ ಮುಚ್ಚಿದ ಆಪ್ ನೀವೇ ಮತ್ತೆ ತೆರೆಯೋವರೆಗೆ ಹಿಂದೆ ಕೆಲ್ಸ ಮಾಡಲ್ಲ. ಬ್ಯಾಂಡ್ ಆಪ್‌ನ ಬಿಟ್ಟು ಮಿಕ್ಕಿದ್ದನ್ನ ಮುಚ್ಕೊಳ್ಳಿ.

ಹಾಗಾದ್ರೆ ಯಾರು ಯಾವುದು ತಗೋಬೇಕು

ಐಫೋನ್ ಜೊತೆ ಆಪಲ್ ವಾಚ್ ಇದ್ರೆ ಯೋಚ್ನೆನೇ ಬೇಡ, ಆಪಲ್ ಹೆಲ್ತ್ ಪುಸ್ತಕ, ಸ್ಟ್ರಾವಾ ಬೇಕಿದ್ರೆ ಓದುಗ. ಐಫೋನ್ ಜೊತೆ ಬೇರೆ ಕಂಪನಿ ವಾಚ್ ಇದ್ರೂ ಆಪಲ್ ಹೆಲ್ತೇ ಅನ್ನೋದು ನನ್ನ ಮತ, ಆದ್ಯತೆ ಪಟ್ಟೀಲಿ ವಾಚ್ ಆಪ್ ಮೇಲೆ ಹಾಕಿ, ಒಂದೇ ಷರತ್ತು, ಮುಂದಿನ ಫೋನೂ ಐಫೋನೇ ಅಂತ ನಿಮಗೆ ಗ್ಯಾರಂಟಿ ಇರ್ಬೇಕು. ಗ್ಯಾರಂಟಿ ಇಲ್ದಿದ್ರೆ ವಾಚ್ ಕಂಪನಿ ಕ್ಲೌಡ್‌ನ ಪುಸ್ತಕ ಮಾಡಿ, ಆಪಲ್ ಹೆಲ್ತ್‌ಗೆ ನಕಲು ಹೋಗ್ಲಿ.

ಆಂಡ್ರಾಯ್ಡ್‌ನವ್ರಿಗೆ ನಾನು ಸ್ವಲ್ಪ ಬೇರೆ ಹೇಳ್ತೀನಿ: ಹೆಲ್ತ್ ಕನೆಕ್ಟ್‌ನ ಬೀರು ಅಂತ ನಂಬಿ ಹತ್ತು ವರ್ಷದ ಲೆಕ್ಕ ಅಲ್ಲೇ ಇಡೋ ಬದ್ಲು, ಅದನ್ನ ಆಪ್‌ಗಳ ಮಧ್ಯೆ ಡೇಟಾ ದಾಟಿಸೋ ಕೊಳವೆ ಅಂತ ಬಳ್ಸಿ, ಹಳೇ ಇತಿಹಾಸ ವಾಚ್ ಕಂಪನಿ ಆಪ್‌ನಲ್ಲಿರ್ಲಿ. ವಾಚೂ ಇಲ್ಲ ಬ್ಯಾಂಡೂ ಇಲ್ಲ, ಫೋನ್ ಒಂದೇ ಜೇಬಲ್ಲಿ ಅನ್ನೋರಿಗೆ ಈ ಬರಹದ ಅರ್ಧ ಬೇಕಾಗೇ ಇಲ್ಲ, ಒಂದು ಆಪ್ ಹಾಕ್ಕೊಂಡು ನಡೀರಿ. ಅಂದಹಾಗೆ 10,000 ಹೆಜ್ಜೆ ಅನ್ನೋ ಗುರಿ ಬಂದಿದ್ದು ಯಾವ ಡಾಕ್ಟರ್ ಚೀಟಿಯಿಂದಾನೂ ಅಲ್ಲ, 1965ರಲ್ಲಿ ಜಪಾನ್‌ನಲ್ಲಿ ಮಾರಿದ ಮಾನ್ಪೊ ಕೇ ಅನ್ನೋ ಹೆಜ್ಜೆ ಎಣಿಸೋ ಯಂತ್ರದ ಹೆಸರಿಂದ, ಆ ಹೆಸರಿನ ಅರ್ಥಾನೇ ಹತ್ತು ಸಾವಿರ ಹೆಜ್ಜೆ ಮೀಟರ್ ಅಂತ. ಆಪ್ ಆ ಅಂಕಿಗೆ ತಲೆ ತಿಂದ್ರೆ ಗುರಿ ಬದ್ಲಾಯಿಸ್ಕೊಳ್ಳಿ.

ಎಲ್ಲಾ ಜೋಡಿಸಿ ಆದ್ಮೇಲೆ ಒಂದು ಪರೀಕ್ಷೆ ಮಾಡಿ. ಬೆಳಿಗ್ಗೆ ಎದ್ದ ತಕ್ಷಣ ಎಲ್ಲಾ ಆಪ್‌ನಲ್ಲಿ ಎಷ್ಟಿದೆ ಅಂತ ಒಂದು ಕಾಗದದಲ್ಲಿ ಬರ್ಕೊಳ್ಳಿ, ಫೋನ್ ಮತ್ತೆ ಬ್ಯಾಂಡ್ ಎರಡನ್ನೂ ಮೈಮೇಲೆ ಇಟ್ಕೊಂಡು ಬಾಯಲ್ಲಿ ಎಣಿಸ್ತಾ 200 ಹೆಜ್ಜೆ ನಡೀರಿ, ಮನೆಯವ್ರು ವಿಚಿತ್ರವಾಗಿ ನೋಡ್ತಾರೆ, ನೋಡ್ಲಿ. ಹದಿನೈದು ನಿಮಿಷ ಬಿಟ್ಟು ಎಲ್ಲಾ ಆಪ್ ಒಂದೊಂದ್ಸಲ ತೆರೆದು ಮತ್ತೆ ಬರ್ಕೊಳ್ಳಿ. 190, 210 ಇದ್ರೆ ಪರ್ವಾಗಿಲ್ಲ. 400ರ ಹತ್ರ ಬಂದ್ರೆ ಇಬ್ಬರು ಬರೀತಿದಾರೆ, ಒಬ್ಬರ ಪೆನ್ನು ಕಿತ್ಕೊಳ್ಳಿ.